ಜ್ವರದಲ್ಲಿ ಮಾತ್ರ ನೀನು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಜಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗದಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿಗಳು. ಅಷ್ಟೇ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುವ ಉಸಾಬರಿಗೆ ಅವಳು ಹೋದವಳಲ್ಲ. ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟು, ಹರಿದ ಸ್ಕೂಲ್ ಬ್ಯಾಗು, ಇವೇ ಅವಳ ಪಾಲಿನ ಕೆಲಸ. "ಬೆಳೆದಿರೋದು ನಿಮ್ಮ ಹೊಟ್ಟೆ, ಬೈಸ್ಕೊಳ್ಳೋದು ಮಾತ್ರ ಪಾಪ ಈ ಪ್ಯಾಂಟು" ಎಂದು ಗಿರಾಕಿಗಳ ಮುಖಕ್ಕೇ ಹೇಳುವಳು. ಅವರೂ ನಕ್ಕು ಹೋಗುವರು.

ಮದುವೆಯ ಆಸೆಯನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಹಾಗಿರುವಾಗ ಒಂದು ದಿನ ಬಸ್ಸಿನ ಡ್ರೈವರ್ ಒಬ್ಬ ಅಂಗಡಿಯ ಮುಂದೆ ಬಂದು ನಿಂತ. ಎದೆಯ ತನಕ ಎಳೆದ ಜಾಕೆಟ್ಟಿನ ಜಿಪ್ಪು ಅಲ್ಲೇ ಕಚ್ಚಿಕೊಂಡು, ಮೇಲೂ ಹೋಗದೆ ಕೆಳಗೂ ಬಾರದೆ, ಅವನು ಸೆಖೆಯಲ್ಲಿ ಬೆವೆತು ನೀರಾಗಿದ್ದ. ಅವಳು ಒಂದು ಚೂರು ಸೋಪು ತಿಕ್ಕಿ ಅವನನ್ನು ಬಿಡುಗಡೆ ಮಾಡಿದಳು. ಮರುವಾರ ಅವನು ಒಂದು ಚೀಲ ತಂದ, ಅದರ ಮರುವಾರ ಒಂದು ದಿಂಬಿನ ಕವರು. ಮನೆಯಲ್ಲಿದ್ದ ಜಿಪ್ಪುಗಳೆಲ್ಲ ಮುಗಿದ ಮೇಲೆ ಬರಿಗೈಯಲ್ಲಿ ಬಂದು, ನೆಲ ನೋಡುತ್ತ ಹೇಳಿದ:

"ನನಗೊಬ್ಬಳು ಮಗಳಿದ್ದಾಳೆ. ಅವಳಮ್ಮ ಹೋಗಿ ಎರಡು ವರ್ಷ ಆಯ್ತು. ನೋಡಿ, ನಿಮಗೆ ಒಪ್ಪಿಗೆ ಇದ್ರೆ..."

ಹೀಗೆ ಜಿಪ್ಪಕ್ಕ ಆ ಮನೆಗೆ ಬಂದಳು. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆದುಕೊಳ್ಳುವ ಒಂದೇ ಒಂದು ಕಿಟಕಿ. ಆ ಕಿಟಕಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು ಹುಡುಗಿ. ಏಳು ವರ್ಷ. ಸಪೂರ ಕೈಕಾಲು, ಮುಖದ ತುಂಬ ಕಣ್ಣು. ಅಪ್ಪ ಅವಳನ್ನು ಕರೆಯುತ್ತಿದ್ದುದು ಕಡ್ಡಿ ಎಂದು.

ಕಡ್ಡಿ ಹಟ ಮಾಡಲಿಲ್ಲ, ಅಳಲಿಲ್ಲ, ಎದುರಾಡಲಿಲ್ಲ. ಒಮ್ಮೆ ಬೈದಿದ್ದರೂ ಜಿಪ್ಪಕ್ಕನಿಗೆ ಸಮಾಧಾನವಾಗುತ್ತಿತ್ತೇನೋ. ಅಪ್ಪ ಹೇಳಿಕೊಟ್ಟಂತೆ "ಚಿಕ್ಕಮ್ಮ" ಎಂದು ಕರೆದಳು. "ಸ್ವಲ್ಪ ನೀರು ಕೊಡಿ", "ನೀವು ಬಿಡಿ, ಜಡೆ ನಾನೇ ಹಾಕ್ಕೋತೀನಿ", "ಸಾಕು, ಇನ್ನು ಬಡಿಸಬೇಡಿ". ಊರಿಂದ ಬಂದ ನೆಂಟರ ಹುಡುಗಿ ಎರಡು ದಿನದ ಮಟ್ಟಿಗೆ ಉಳಿದುಕೊಂಡ ಹಾಗೆ. ಅಪ್ಪನಿಗೆ ನೀನು, ಬೀದಿಯ ನಾಯಿಗೆ ನೀನು, ಮೇಲಿನ ಮನೆಯ ಅಜ್ಜಿಗೂ ನೀನು. ಇವಳೊಬ್ಬಳಿಗೆ ಮಾತ್ರ ನೀವು.

"ಒಳ್ಳೇ ಸಂಸ್ಕಾರ ಕಣೇ, ಎಷ್ಟು ಮರ್ಯಾದೆ ಕೊಡುತ್ತೆ ನೋಡು ಮಗು" ಎಂದು ಅಜ್ಜಿ ಹೊಗಳಿದರು. ಜಿಪ್ಪಕ್ಕ ತಲೆಯಾಡಿಸಿದಳು. ಆ ಮರ್ಯಾದೆ ಮನೆಯೊಳಗೆ ಒಂದು ಅಡ್ಡಗೋಡೆಯ ಹಾಗೆ ನಿಂತಿರುವುದು ಅಜ್ಜಿಗೆ ಹೇಗೆ ಕಾಣಬೇಕು!

ಚಳಿ ಶುರುವಾದ ಮೇಲಿನ ಒಂದು ಮಧ್ಯಾಹ್ನ. ಜಿಪ್ಪಕ್ಕ ಅಂಗಡಿಯಲ್ಲಿ ಒಂದು ಮೊಂಡು ಜೀನ್ಸಿನ ಜೊತೆ ಗುದ್ದಾಡುತ್ತಿದ್ದಳು. ತಲೆಯೆತ್ತಿ ನೋಡಿದರೆ ಕೊನೆಯ ಮೆಟ್ಟಿಲ ಮೇಲೆ ಕಡ್ಡಿ ಕೂತಿದ್ದಾಳೆ, ಬ್ಯಾಗು ಬೆನ್ನಿನಿಂದ ಇಳಿಸಿಲ್ಲ, ಕೆನ್ನೆ ಕೆಂಪಡರಿದೆ. ಸ್ಕೂಲು ಬಿಡುವ ಹೊತ್ತಿನ್ನೂ ಆಗಿರಲಿಲ್ಲ. ಹಣೆ ಮುಟ್ಟಿದರೆ ಕಾದ ಹಂಚು.

ಜೀನ್ಸನ್ನು ಯಂತ್ರದ ಬಾಯಲ್ಲೇ ಬಿಟ್ಟು ಅವಳು ಹುಡುಗಿಯನ್ನು ಎತ್ತಿಕೊಂಡಳು. ಅದೇ ಮೊದಲು ಎತ್ತಿಕೊಂಡದ್ದು. ಮನೆಗೆ ಒಯ್ದು ದಪ್ಪ ಸ್ವೆಟರು ತೆಗೆದು ತೆಳು ಅಂಗಿ ಹಾಕಿದಳು. ಥರ್ಮಾಮೀಟರು ಝಾಡಿಸಿ ಕಂಕುಳಲ್ಲಿಟ್ಟಳು. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಕತ್ತು, ಕೈ, ಕಾಲು ಒರೆಸಿದಳು. ಚಮಚ ಚಮಚವಾಗಿ ನೀರು ಕುಡಿಸಿದಳು. ಬೀದಿಯ ಕೊನೆಯಲ್ಲಿದ್ದ ಡಾಕ್ಟರಮ್ಮನಿಗೆ ಫೋನು ಮಾಡಿ, ಮಗುವಿನ ತೂಕ ಹೇಳಿ, ಯಾವ ಔಷಧಿ ಎಷ್ಟು ಎಂದು ಕೇಳಿ ಅಷ್ಟೇ ಕೊಟ್ಟಳು. ಆಮೇಲೆ ಏಳಲು ಹೋದಾಗ ಸೆರಗನ್ನು ಯಾರೋ ಹಿಡಿದೆಳೆದಂತಾಯಿತು.

"ಹೋಗ್ಬೇಡ" ಎಂದಳು ಕಡ್ಡಿ, ಕಣ್ಣು ಮುಚ್ಚಿಕೊಂಡೇ. "ಇಲ್ಲೇ ಇರು ನೀನು."

ಜಿಪ್ಪಕ್ಕ ಕೂತ ಕಡೆಯೇ ಕೂತಳು. ಕಾಲು ಜೋಮು ಹಿಡಿದರೂ ಅಲುಗಲಿಲ್ಲ. ಹುಡುಗಿಯ ಬಿಸಿ ತಲೆ ಅವಳ ತೊಡೆಯ ಮೇಲಿತ್ತು. ಮಂಪರಿನಲ್ಲಿ ಕಡ್ಡಿ ಬಾ ಎಂದಳು, ಕೊಡು ಎಂದಳು, ಬಟ್ಟೆ ತಣ್ಣಗಾಯ್ತು ನೋಡು ಎಂದಳು. ಅದು ತನಗೆ ಹೇಳಿದ್ದೋ, ಇಲ್ಲದ ತಾಯಿಗೆ ಹೇಳಿದ್ದೋ ಎಂದು ಜಿಪ್ಪಕ್ಕ ಕೇಳಿಕೊಳ್ಳದೇ ಇರಲಿಲ್ಲ. ಆದರೆ ಪ್ರತಿಸಲವೂ "ಹೂಂ ಕಂದ" ಎಂದು ಓಗೊಟ್ಟವಳು ಅವಳೇ ತಾನೆ?

ಜ್ವರ ಬಿಟ್ಟಿತು. ಕಡ್ಡಿ ಎದ್ದು ಕೂತು, ಕೆದರಿದ ಕೂದಲು ಸರಿಮಾಡಿಕೊಂಡು ಹೇಳಿದಳು: "ಚಿಕ್ಕಮ್ಮ, ನನ್ನ ಚಪ್ಪಲಿ ಎಲ್ಲಿಟ್ರಿ?"

ಅಲ್ಲಿಗೆ ಗೋಡೆ ಮತ್ತೆ ಎದ್ದಿತು.

ಮಕ್ಕಳಿದ್ದ ಮನೆ ಅಂದಮೇಲೆ ಏನಾದರೊಂದು ಇದ್ದದ್ದೇ. ಗಂಟಲು ಕೆರೆದರೆ ಉಪ್ಪು ಹಾಕಿದ ಬಿಸಿನೀರಲ್ಲಿ ಮುಕ್ಕಳಿಸುವುದು. ಕೆಮ್ಮಿಗೆ ಮಲಗುವ ಮುಂಚೆ ಒಂದು ಚಮಚ ಜೇನು. ಹೊಟ್ಟೆ ಕೆಟ್ಟರೆ ಉಪ್ಪು-ಸಕ್ಕರೆಯ ಪುಡಿ ಪೊಟ್ಟಣ ಕಲಸಿದ ನೀರು, ಗುಟುಕು ಗುಟುಕಾಗಿ. ಮಂಡಿ ತರಚಿದರೆ ಮೊದಲು ನಲ್ಲಿ ನೀರು, ಸೋಪು, ಆಮೇಲೆ ಪಟ್ಟಿ. ಜಿಪ್ಪಕ್ಕ ಡಾಕ್ಟರಮ್ಮನನ್ನು ಕೇಳಿ ಕೇಳಿ ಕಲಿತಳು. ಯಾವುದಕ್ಕೆ ಮನೆಯಲ್ಲೇ ಸುಮ್ಮನೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು ಎಂಬುದನ್ನು ಮುಖ್ಯವಾಗಿ ಕಲಿತಳು. ಡ್ರೈವರನಿಗೋ ಪ್ರಪಂಚದಲ್ಲಿ ಒಂದೇ ಔಷಧಿ ಗೊತ್ತಿದ್ದದ್ದು, ನೋವಿನ ಮುಲಾಮು. ತಲೆನೋವಿಗೂ ಅದೇ, ಬೆನ್ನಿಗೂ ಅದೇ. "ಹಸಿವಾದ್ರೂ ಅದನ್ನೇ ಹಚ್ಕೋತೀರೇನೋ" ಎಂದು ಜಿಪ್ಪಕ್ಕ ಗೊಣಗುವಳು.

ಪ್ರತಿ ನೆಗಡಿ ಜ್ವರದಲ್ಲೂ ಅದೇ ಆಗುತ್ತಿತ್ತು. ಮೈ ಬಿಸಿಯಾದೊಡನೆ ಕಡ್ಡಿಯ ನಾಲಿಗೆ ಸಡಿಲಾಗುವುದು. ತಲೆ ತಂದು ತೊಡೆಯ ಮೇಲೆ ಇಡುವಳು, ಶಾಲೆಯ ಸುದ್ದಿಯನ್ನೆಲ್ಲ ಹೇಳುವಳು, ನೀನು ನೀನು ಎನ್ನುವಳು. ಮೈ ತಣ್ಣಗಾದೊಡನೆ ಮತ್ತೆ ನೀವು. ಒಂದು ಬೆಳಿಗ್ಗೆ ಕಡ್ಡಿ ಹಲ್ಲುಜ್ಜುತ್ತ ಸೀನಿದಳು. ಒಂದಲ್ಲ, ಸಾಲಾಗಿ ಸೀನಿದಳು. ಒಲೆಯ ಮುಂದಿದ್ದ ಜಿಪ್ಪಕ್ಕನ ಎದೆಯಲ್ಲಿ ಥಟ್ಟನೆ ಏನೋ ಅರಳಿತು. ಅದು ಸಂತೋಷ ಎಂದು ಗೊತ್ತಾದಾಗ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಮಗು ಕಾಯಿಲೆ ಬೀಳಲಿ ಎಂದು ಯಾವ ಹೆಂಗಸು ಕಾಯುತ್ತಾಳೆ? ಬೇಗ ಬೇಗ ಅವಳ ತಲೆ ಒರೆಸಿ, ಕಾಲುಚೀಲ ಹಾಕಿ, ಕಿವಿಯ ತನಕ ಟೋಪಿ ಎಳೆದು ಕಳಿಸಿದಳು. ಆದರೂ ಅರಳಿದ್ದು ಅರಳಿಯಾಗಿತ್ತು.

ಕಡ್ಡಿಗೆ ಹತ್ತು ತುಂಬಿದ ವರ್ಷ ಅವಳನ್ನು ಶಾಲೆಯ ರಿಲೇ ಓಟಕ್ಕೆ ಆರಿಸಿದರು. ಆ ಕಡ್ಡಿ ಕಾಲುಗಳು ನೆಲ ಮುಟ್ಟುತ್ತಿದ್ದವೋ ಇಲ್ಲವೋ ಎಂಬಂತೆ ಓಡುತ್ತಿದ್ದಳು. ಮೆಟ್ಟಿಲ ಮೇಲೆ, ಕಾರಿಡಾರಿನಲ್ಲಿ, ಅಜ್ಜಿಯ ಊರುಗೋಲನ್ನೇ ರಿಲೇಯ ಕೋಲು ಮಾಡಿಕೊಂಡು ಅಭ್ಯಾಸ. ಓಟದ ವಾರದಲ್ಲೇ ಜ್ವರ ಬಂತು. ಬಂದ ಹಾಗೇ ಹೋಯಿತು ಕೂಡ. "ಜ್ವರ ಬಿಟ್ಟು ಚೆನ್ನಾಗಿ ಊಟ ಮಾಡ್ತಿದ್ರೆ ಓಡಲಿ ಬಿಡಿ" ಎಂದು ಡಾಕ್ಟರಮ್ಮ ಹೇಳಿದ್ದರು. ಹುಡುಗಿ ಎರಡು ದಿನದಿಂದ ತಟ್ಟೆ ನೆಕ್ಕಿ ಉಂಡಿದ್ದಳು, ಹಾಸಿಗೆ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಓಟದ ಬೆಳಿಗ್ಗೆ ಕಡ್ಡಿ ಜಿಪ್ಪಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. "ನೀನೂ ಬಾ ನೋಡೋಕೆ" ಎಂದಿದ್ದಳು ಹಿಂದಿನ ಸಂಜೆ. ಇವತ್ತು ಎದ್ದು ಶೂ ಕಟ್ಟಿಕೊಂಡರೆ ಆ ನೀನು ಮತ್ತೆ ನೀವು ಆಗುತ್ತದೆ. ಜಿಪ್ಪಕ್ಕ ಕಂಕುಳಿನಿಂದ ಥರ್ಮಾಮೀಟರು ತೆಗೆದು, ಬೆಳಕಿಗೆ ಹಿಡಿದು ನೋಡಿದಳು. ಬಾಯಿ ತಾನಾಗಿ ಆಡಿತು:

"ಇನ್ನೂ ಸ್ವಲ್ಪ ಇದೆ ಕಣೇ. ಇವತ್ತೊಂದು ದಿನ ಬೇಡ."

ಕಡ್ಡಿಯ ಕಣ್ಣು ತುಂಬಿ ಬಂತು. ಆದರೆ ನಂಬಿದಳು. ಮಗ್ಗುಲಾಗಿ ಮಲಗಿ ಅತ್ತಳು, "ನೀನು ಇಲ್ಲೇ ಇರ್ತೀಯಲ್ವಾ" ಎಂದಳು. ಜಿಪ್ಪಕ್ಕ ಅಂಗಡಿ ತೆರೆಯಲಿಲ್ಲ.

ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿದ್ದಾಗ ಕಡ್ಡಿ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಥರ್ಮಾಮೀಟರು. ಝಾಡಿಸುವುದನ್ನು ಜಿಪ್ಪಕ್ಕ ಮರೆತಿದ್ದಳು. ಪಾದರಸ ಬೆಳಿಗ್ಗೆ ನಿಂತಲ್ಲೇ ನಿಂತಿತ್ತು, ಜ್ವರದ ಕೆಂಪು ಗುರುತಿಗಿಂತ ಕೆಳಗೆ.

"ಇದನ್ನ ಓದೋಕೆ ನಂಗೆ ಬರುತ್ತೆ" ಎಂದಳು ಹುಡುಗಿ. "ಚಿಕ್ಕಮ್ಮ, ನೀವು ನೋಡಿದ್ದು ತಪ್ಪಾ, ಹೇಳಿದ್ದು ತಪ್ಪಾ?"

ನೋಡಿದ್ದೇ ತಪ್ಪು ಎಂದುಬಿಟ್ಟಿದ್ದರೆ ಸಾಕಿತ್ತು. ಅದನ್ನೂ ಹೇಳದೆ ಜಿಪ್ಪಕ್ಕ ಒಲೆಯ ಕಡೆ ತಿರುಗಿದಳು. ಸಂಜೆ ಶಾಲೆಯ ಗೆಳತಿಯರು ಬಂದು, ಕಡ್ಡಿಯ ಬದಲು ಬೇರೆ ಯಾರನ್ನೋ ಓಡಿಸಿದರೆಂದೂ, ಕೋಲು ಕೈಜಾರಿ ಬಿತ್ತೆಂದೂ ಹೇಳಿ ಹೋದರು. ಕಡ್ಡಿ ಯಾರಿಗೂ ಏನೂ ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ.

ಆಮೇಲೆ ಆ ಮನೆಯಲ್ಲಿ ಹುಡುಗಿಗೆ ಕಾಯಿಲೆಯೇ ಬರಲಿಲ್ಲ. ಅಂದರೆ, ಬಂದದ್ದು ಯಾರಿಗೂ ತಿಳಿಯಲಿಲ್ಲ. ನೆಗಡಿಯಾದರೆ ಬಚ್ಚಲಲ್ಲಿ ಮೂಗು ಸೀಟಿಕೊಂಡು ಬರುವಳು. ಮಂಡಿ ತರಚಿದರೆ ಉದ್ದ ಲಂಗ ತೊಡುವಳು. ಜಿಪ್ಪಕ್ಕ ಹಣೆ ಮುಟ್ಟಲು ಕೈ ಚಾಚಿದರೆ ನಯವಾಗಿ ತಲೆ ಪಕ್ಕಕ್ಕೆ ಸರಿಸಿ, "ಏನಿಲ್ಲ ಚಿಕ್ಕಮ್ಮ, ಚೆನ್ನಾಗಿದ್ದೀನಿ" ಎನ್ನುವಳು. ಆ ಕೈಯನ್ನು ಹಿಂದಕ್ಕೆ ತಂದು ಎಲ್ಲಿಡಬೇಕೆಂದು ತಿಳಿಯದೆ ಜಿಪ್ಪಕ್ಕ ತನ್ನದೇ ಕೂದಲು ನೇವರಿಸಿಕೊಳ್ಳುವಳು.

ಒಂದು ದಿನ ಹಾಸಿಗೆ ಕೊಡವುವಾಗ ದಿಂಬಿನ ಮೇಲೆ ಹಳದಿ ಕಲೆ ಕಂಡಿತು. ಕಿವಿ ಸೋರುವ ಕಲೆ. ಜಿಪ್ಪಕ್ಕ ದಿಂಬನ್ನು ಅಲ್ಲೇ ಬಿಟ್ಟಳು. ಶಾಲೆಗೇ ಓಡಿದಳು. ಕಡ್ಡಿಯ ಮುಖ ಒಂದು ಪಕ್ಕ ಬಾತಿತ್ತು, ಮೈ ಸುಡುತ್ತಿತ್ತು. ಮನೆಗೆ ಕರೆತರುವಷ್ಟರಲ್ಲಿ ಅಜ್ಜಿ ಮೆಟ್ಟಿಲಿಳಿದು ಬಂದು, "ಎಣ್ಣೆ ಬಿಸಿ ಮಾಡಿ ನಾಲ್ಕು ತೊಟ್ಟು ಕಿವಿಗೆ ಬಿಡೇ, ಎಲ್ಲಾ ಕಿತ್ಕೊಂಡು ಬರುತ್ತೆ" ಎಂದರು.

"ಬೇಡಿ ಅಜ್ಜಿ. ಸೋರೋ ಕಿವಿಗೆ ಏನೂ ಬಿಡಬಾರದು" ಎಂದಳು ಜಿಪ್ಪಕ್ಕ. ಒಣಬಟ್ಟೆ ಬೆಚ್ಚಗೆ ಮಾಡಿ ಹುಡುಗಿಯ ಕೈಗೆ ಕೊಟ್ಟು, ಕೆನ್ನೆಗೆ ಒತ್ತಿಕೊಳ್ಳಲು ಹೇಳಿ, ಡಾಕ್ಟರಮ್ಮನ ಬಳಿ ಕರೆದೊಯ್ದಳು.

"ನೋವು ಯಾವತ್ತಿಂದ?" ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ಕೇಳಿದರು.

"ಒಂದು ವಾರ ಆಗಿರ್ಬೇಕು" ಎಂದಳು ಕಡ್ಡಿ.

"ಒಂದು ವಾರವಾ! ಮನೇಲಿ ಹೇಳ್ಬಾರ್ದಾ ಮರಿ? ಅಮ್ಮ ಇಷ್ಟು ಚೆನ್ನಾಗಿ ನೋಡ್ಕೋತಾರೆ."

ಪುಣ್ಯಕ್ಕೆ ಕಿವಿ ಕೇಳುವುದಕ್ಕೇನೂ ತೊಂದರೆಯಾಗಿರಲಿಲ್ಲ. ತಪ್ಪದೆ ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದರು. ಇನ್ನೂ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದೂ ಸೇರಿಸಿದರು.

ಔಷಧಿಗಾಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತ ಇಬ್ಬರೂ ಕೂತರು. ಜ್ವರವಿತ್ತು. ಆದರೂ ಕಡ್ಡಿ ಬೆಂಚಿನ ಆ ತುದಿಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. "ನಿಮ್ಮ ಅಂಗಡಿ ಮುಚ್ಚಿದ್ರಾ ಚಿಕ್ಕಮ್ಮ?" ಎಂದು ಕೇಳಿದಳು. ಈಗ ಜ್ವರದಲ್ಲೂ ನೀವು.

ಜಿಪ್ಪಕ್ಕ ಎದುರಿನ ಗೋಡೆ ನೋಡುತ್ತ ಹೇಳಿದಳು: "ಅವತ್ತು ನಿಂಗೆ ಜ್ವರ ಇರಲಿಲ್ಲ. ನನ್ನ ಕಣ್ಣಿಗೆ ಸರಿಯಾಗೇ ಕಂಡಿತ್ತು. ನಾನು ಸುಳ್ಳು ಹೇಳ್ದೆ."

"ಗೊತ್ತು."

"ಯಾಕೆ ಅಂತ ಕೇಳಲ್ವಾ?"

ಹುಡುಗಿ ಬಟ್ಟೆಯ ಉಂಡೆಯನ್ನು ಕೆನ್ನೆಗೆ ಒತ್ತಿಕೊಂಡೇ ಅವಳ ಕಡೆ ತಿರುಗಿದಳು. "ಯಾಕೆ?"

"ಹುಷಾರಿಲ್ದೆ ಇದ್ದಾಗ ಮಾತ್ರ ನೀನು ನನ್ನ ಹತ್ರ ಬರ್ತೀಯ. ಇನ್ನೊಂದೇ ಒಂದು ದಿನ ಇರಲಿ ಅನ್ನಿಸ್ತು. ದೊಡ್ಡವಳು ಮಾಡೋ ಕೆಲಸ ಅಲ್ಲ ಅದು. ತಪ್ಪಾಯ್ತು ಕಣೇ. ಅಪ್ಪನಿಗೂ ಹೇಳ್ತೀನಿ."

ಔಷಧಿಯವನು ಕರೆದ. ಏಳುವ ಮುಂಚೆ ಕಡ್ಡಿ ಹೇಳಿದಳು: "ಅಪ್ಪನಿಗೆ ಹೇಳ್ಬೇಡಿ. ಸುಮ್ನೆ ಅಳ್ತಾ ಕೂರ್ತಾನೆ."

ಕಿವಿ ವಾಸಿಯಾದ ಮೇಲೆ ಜಿಪ್ಪಕ್ಕ ಒಂದು ಭಾನುವಾರ ಔಷಧಿಯ ಡಬ್ಬಿಯನ್ನು ತಂದು ಕಡ್ಡಿಯ ಮುಂದೆ ಇಟ್ಟಳು. "ಇನ್ಮೇಲೆ ನಿನ್ನ ಜ್ವರ ನೀನೇ ನೋಡ್ಕೋ. ನಾನು ಹೇಳಿದ್ದು ಸರಿಯಾ ತಪ್ಪಾ ಅನ್ನೋ ಅನುಮಾನವೇ ಬೇಡ" ಎಂದಳು. ಥರ್ಮಾಮೀಟರು ಝಾಡಿಸುವುದು, ಒರೆಸುವ ನೀರು ತಣ್ಣಗಿರಬಾರದು ಎಂಬುದು, ಖಾಲಿ ಹೊಟ್ಟೆಗೆ ಏನು ನುಂಗಬಾರದು, ಜ್ವರ ಮೂರನೇ ದಿನ ದಾಟಿದರೆ, ಉಸಿರು ಕಟ್ಟಿದರೆ, ಕತ್ತು ಬಗ್ಗದಿದ್ದರೆ ಯಾರ ಅಪ್ಪಣೆಗೂ ಕಾಯದೆ ಡಾಕ್ಟರ ಹತ್ತಿರ ಓಡಬೇಕು ಎಂಬುದು, ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟಳು. ಹೇಳಿಕೊಡುತ್ತ ಹೋದಂತೆ ತನ್ನ ಕೈಯಲ್ಲಿದ್ದದ್ದೊಂದು ಜಾರಿ ಹೋಗುತ್ತಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಆದರೂ ಯಾವುದನ್ನೂ ಮುಚ್ಚಿಡಲಿಲ್ಲ.

ಕಡ್ಡಿ ಚುರುಕು. ವರ್ಷ ತುಂಬುವುದರೊಳಗೆ ಮನೆಗೇ ಡಾಕ್ಟರಾದಳು. ಅಪ್ಪನ ಮುಲಾಮು ಕಿತ್ತಿಟ್ಟು, ಬಸ್ಸಿನ ಸೀಟಿಗೆ ಬೆನ್ನಿನ ಆಸರೆಗೆಂದು ದಿಂಬು ಕಟ್ಟಿಸಿದಳು. ಕಾಲು ಉಳುಕಿದ ಅಜ್ಜಿಗೆ ಐಸಿನ ಪೊಟ್ಟಣ ಇಟ್ಟು, "ನೀನು ನಡೆದಾಡಿದ್ರೆ ನೋಡು ಮತ್ತೆ" ಎಂದು ಗದರಿಸಿ ಕೂರಿಸಿದಳು. ಒಮ್ಮೆ ಸೂಜಿ ಚುಚ್ಚಿ ಜಿಪ್ಪಕ್ಕನ ಬೆರಳು ಬಾತಾಗ ಬೆಚ್ಚನೆ ಉಪ್ಪುನೀರಲ್ಲಿ ಅದ್ದಿ ಹಿಡಿದುಕೊಂಡು, "ಸ್ವಲ್ಪ ತಡ್ಕೊಳ್ಳಿ" ಎಂದಳು. ತನ್ನ ಬೆರಳು ಇಷ್ಟು ಬೇಗ ವಾಸಿಯಾಗಬಾರದಿತ್ತು ಎನ್ನಿಸಿ ಜಿಪ್ಪಕ್ಕ ತನಗೆ ತಾನೇ ನಕ್ಕಳು.

ಹೀಗೆಯೇ ಹುಡುಗಿ ಬೆಳೆದಳು. ಗೋಡೆ ಅಷ್ಟು ಎತ್ತರ ಉಳಿಯಲಿಲ್ಲ. ಅಂಗಡಿಗೆ ಬಂದು ಗುಂಡಿಗಳನ್ನು ಬಣ್ಣ ನೋಡಿ ಆರಿಸುತ್ತ ಕೂರುವಳು, ಗಿರಾಕಿಗಳ ಹೊಟ್ಟೆ ನೋಡಿ ಇಬ್ಬರೂ ಮುಸಿಮುಸಿ ನಗುವರು. ಆದರೆ ಮಾತು ಮಾತ್ರ ಬದಲಾಗಲಿಲ್ಲ. ಬನ್ನಿ, ಹೋಗಿ, ಕೊಡಿ. ಓದು ಮುಗಿಸಿ ಅವಳು ಬೇರೊಂದು ಊರಿನಲ್ಲಿ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಗೆ ಸೇರಿದಳು. ಹೊರಡುವ ದಿನ ಜಿಪ್ಪಕ್ಕ ಒಂದು ಪುಟ್ಟ ಚೀಲ ಹೊಲಿದು, ಅದರೊಳಗೆ ಮಾತ್ರೆ, ಪಟ್ಟಿ, ಹತ್ತಿ, ಹೊಸ ಥರ್ಮಾಮೀಟರು ಹಾಕಿ ಕೊಟ್ಟಳು. "ಇದೆಲ್ಲಾ ಯಾಕೆ, ಅಲ್ಲೂ ಅಂಗಡಿ ಇರುತ್ತೆ" ಎಂದ ಡ್ರೈವರ್. ಕಡ್ಡಿ ಅದನ್ನು ಬ್ಯಾಗಿನ ಮೇಲ್ಗಡೆಯೇ ಇಟ್ಟುಕೊಂಡಳು.

ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಹುಷಾರಾಗಿದ್ದೀಯಾ ಎಂದರೆ ಹುಷಾರಾಗಿದ್ದೀನಿ. ನಿಜವೇ ಇರಬೇಕು. ಕಾಯಿಲೆ ಬಂದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತು, ಕೇಳುವ ಅಗತ್ಯವಿಲ್ಲ. ಕಲಿಸಿದವಳೂ ತಾನೇ. ಚಳಿಗಾಲ ಬಂದಾಗ ಜಿಪ್ಪಕ್ಕ ಯಂತ್ರದ ಮುಂದೆ ಕೂತು, ಆ ಊರಿನಲ್ಲೂ ಹೀಗೇ ಚಳಿಯೋ, ಹುಡುಗಿ ಕಾಲುಚೀಲ ಹಾಕಿಕೊಂಡಳೋ ಎಂದು ಯೋಚಿಸುವಳು. ಸೂಜಿಗೆ ದಾರ ಪೋಣಿಸುವುದು ಮರೆತು ಖಾಲಿ ಸೂಜಿಯಲ್ಲೇ ಒಂದಷ್ಟು ದೂರ ಹೊಲಿದುಬಿಡುವಳು.

ಒಂದು ಮಧ್ಯಾಹ್ನ, ವಾರದ ಫೋನಿನ ದಿನವಲ್ಲದ ದಿನ, ಕಡ್ಡಿ ಫೋನು ಮಾಡಿದಳು. ಧ್ವನಿ ಕಟ್ಟಿತ್ತು.

"ನೆಗಡಿ ಚಿಕ್ಕಮ್ಮ. ಸ್ವಲ್ಪ ಜ್ವರಾನೂ ಇದೆ."

"ನೋಡ್ಕೊಂಡ್ಯಾ? ಎಷ್ಟಿದೆ?"

"ನೂರರ ಹತ್ರ. ಗಂಟಲಿಗೆ ಉಪ್ಪು ನೀರು ಅಲ್ವಾ?"

"ಹೂಂ. ಬೆಚ್ಚಗಿರಲಿ, ಸುಡೋ ಹಾಗೆ ಬೇಡ."

"ನೀರು ಜಾಸ್ತಿ ಕುಡೀಬೇಕು, ಅಲ್ವಾ?"

"ಹೂಂ. ಒಂದೇ ಸಲಕ್ಕಲ್ಲ. ಗುಟುಕು ಗುಟುಕಾಗಿ."

"ಹಬೆ ತಗೊಳ್ಲಾ?"

"ತಗೋ. ಪಾತ್ರೆ ಹುಷಾರು, ಮೈಮೇಲೆ ಬೀಳ್ಸ್ಕೊಂಡೀಯ."

ಒಂದೊಂದು ಪ್ರಶ್ನೆಯ ಉತ್ತರವೂ ಕಡ್ಡಿಗೆ ಹತ್ತನೇ ವಯಸ್ಸಿನಿಂದ ಬಾಯಿಪಾಠ. ಅದು ಜಿಪ್ಪಕ್ಕನಿಗೆ ಗೊತ್ತಿತ್ತು. ಗೊತ್ತಿದೆಯೆಂದು ಕಡ್ಡಿಗೂ ಗೊತ್ತಿತ್ತು. ಗಿರಾಕಿಯೊಬ್ಬ ಪ್ಯಾಂಟು ಹಿಡಿದು ಬಂದ. ಅವಳು ಕೈಸನ್ನೆಯಲ್ಲೇ ಅವನನ್ನು ಸಾಗಹಾಕಿ, ಇನ್ನಷ್ಟು ನಿಧಾನವಾಗಿ ಉತ್ತರ ಹೇಳಿದಳು. ಕೇಳುವುದೆಲ್ಲ ಮುಗಿದ ಮೇಲೂ ಫೋನು ಇಡುವ ಶಬ್ದ ಬರಲಿಲ್ಲ.

"ನಾನು ಬರ್ಲಾ?" ಎಂದಳು ಜಿಪ್ಪಕ್ಕ.

"ಬೇಡಿ ಬೇಡಿ. ನೆಗಡಿ ಅಷ್ಟೇ. ಅಷ್ಟು ದೂರ ಯಾಕೆ ನಿಮಗೆ?" ಒಂದು ಕೆಮ್ಮು. ಆಮೇಲೆ, "ಬರೋದಾದ್ರೆ ಬನ್ನಿ."

ಜಿಪ್ಪಕ್ಕ ಮುಂದಿನ ಬಸ್ಸು ಹಿಡಿದಳು.

ಕಡ್ಡಿಯ ಕೋಣೆ ಚಿಕ್ಕದು. ಒಂದು ಮಂಚ, ಒಂದು ಒಲೆ, ಗೋಡೆಗೆ ನೇತುಹಾಕಿದ ಕೆಲಸದ ಅಂಗಿ. ಕಿಟಕಿಯ ಅಂಚಿನಲ್ಲಿ ತರಾವರಿ ಗಾಜಿನ ತುಣುಕುಗಳು ಹೊಳೆಯುತ್ತಿದ್ದವು. ಹುಡುಗಿ ಮೂಗು ಕೆಂಪಗೆ ಮಾಡಿಕೊಂಡು, ಎದ್ದು ಕೂತು, "ಬಂದೇ ಬಿಟ್ರಾ" ಎಂದು ನಕ್ಕಳು. ತಾನೇ ಎದ್ದು ನೀರು ಕಾಯಿಸಲು ಹೋದಳು. "ಮಲ್ಕೋ ಸುಮ್ನೆ" ಎಂದು ಜಿಪ್ಪಕ್ಕ ಗದರಿದಳು. ಅಕ್ಕಿ ತೆಳ್ಳಗೆ ಬೇಯಿಸಿ ಉಪ್ಪು ಹಾಕಿ ಕೊಟ್ಟಳು, ಬೆನ್ನು ಒರೆಸಿದಳು, ಬೆವೆತ ಬಟ್ಟೆ ಒಗೆದು ಹಾಕಿದಳು. ಕಡ್ಡಿ ಮಂಚದ ಮೇಲೆ ಒರಗಿಕೊಂಡು ಕಾರ್ಖಾನೆಯ ಸುದ್ದಿ ಹೇಳಿದಳು. ಮೂಗಿನ ಮೇಲೆ ತನ್ನ ಕನ್ನಡಕವಿಟ್ಟುಕೊಂಡೇ ಅದನ್ನು ಊರೆಲ್ಲ ಹುಡುಕಿದ ಮೇಸ್ತ್ರಿಯ ಕತೆ ಹೇಳಿದಳು. "ನೀವು ನೋಡ್ಬೇಕಿತ್ತು ಅವರ ಮುಖ!" ನಗುತ್ತ ನಗುತ್ತ ಕೆಮ್ಮಿದಳು. ಜಿಪ್ಪಕ್ಕ ಬೆನ್ನು ತಟ್ಟಿದಳು. ಬೆನ್ನು ಪಕ್ಕಕ್ಕೆ ಸರಿಯಲಿಲ್ಲ.

ಆ ನೀವು ಎಂಬುದರೊಳಗೆ ಈಗ ಯಾವ ಗೋಡೆಯೂ ಇಲ್ಲ ಎಂದು ಜಿಪ್ಪಕ್ಕನ ಕಿವಿಗೆ ತಿಳಿಯಿತು. ಆದರೂ ಎಲ್ಲೋ ಒಂದು ಬಾ, ಒಂದು ಕೊಡು ಬಾಯಿತಪ್ಪಿ ಬಂದೀತೇನೋ ಎಂದು ಕಾಯುತ್ತಲೇ ಇದ್ದಳು. ಕಾಯುವುದು ರೂಢಿಯಾಗಿಬಿಟ್ಟಿತ್ತು.

ಮರುದಿನ ಹಣೆ ಮುಟ್ಟಿದಳು. ಇಬ್ಬನಿ ಬಿದ್ದ ಎಲೆಯ ಹಾಗೆ ತಂಪು. ಇನ್ನೂ ಎರಡು ದಿನ ಇರಬಹುದಾಗಿತ್ತು. ಅಂಗಡಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಕಡ್ಡಿ ಅವಳ ಮುಖವನ್ನೇ ನೋಡುತ್ತಿದ್ದಳು.

"ತಣ್ಣಗಿದೆ" ಎಂದಳು ಜಿಪ್ಪಕ್ಕ. "ನಾಳೆಯಿಂದ ಕೆಲಸಕ್ಕೆ ಹೋಗು."

ಮಧ್ಯಾಹ್ನದ ಬಸ್ಸಿಗೆ ಕಡ್ಡಿ ಬಂದು ಹತ್ತಿಸಿದಳು. ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ನೀರಿನ ಬಾಟಲು ಮಡಿಲಿಗೆ ಹಾಕಿ, "ಮುಟ್ಟಿದ್ಮೇಲೆ ಫೋನ್ ಮಾಡಿ, ಮರೀಬೇಡಿ" ಎಂದು ಎರಡು ಸಲ ಹೇಳಿ ಕೆಳಗಿಳಿದಳು. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಹೊರಟಳು. ಸಪೂರ ಕಾಲುಗಳ ಬೀಸು ನಡಿಗೆ, ಆಗಲೇ ಜನರ ನಡುವೆ ದೂರ ಸಾಗಿದ್ದಳು.

ಮನೆಯಲ್ಲಿ ಡ್ರೈವರ್ ಬಾಗಿಲು ತೆರೆದುಕೊಂಡೇ ಕಾಯುತ್ತಿದ್ದ. "ಹೇಗಿದ್ದಾಳೆ?" ಎಂದು ಕೇಳಿದ.

"ಚೆನ್ನಾಗಿದ್ದಾಳೆ" ಎಂದಳು ಜಿಪ್ಪಕ್ಕ. ಕೆಟ್ಟ ಸುದ್ದಿ ತಂದವರ ಧ್ವನಿಯಲ್ಲಿ.

ಅವನು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡ. "ಒಳ್ಳೇದೇ ಆಯ್ತಲ್ವಾ?"

"ಒಳ್ಳೇದೇ ಆಯ್ತು" ಎಂದಳು. ಚಪ್ಪಲಿ ಬಿಚ್ಚಲು ಬಾಗಿಲ ಹೊಸ್ತಿಲ ಮೇಲೇ ಕೂತು, ಬಹಳ ಹೊತ್ತು ಏಳಲಿಲ್ಲ.